ತಿರುಗದ ಕಾಲು, ತಿರುಗುವ ಎದೆ

ಬೆನ್ನೆಲುಬಿಗೆ ಪ್ರಕೃತಿಯು ನಾಲ್ಕು ಬಗೆಯ ಚಲನೆಗಳನ್ನು ಅನುಗ್ರಹಿಸಿದೆ: ಮುಂದಕ್ಕೆ ಬಾಗುವುದು, ಹಿಂದಕ್ಕೆ ಬಳುಕುವುದು, ಪಕ್ಕಗಳಿಗೆ ವಾಲುವುದು, ನಿಂತ ನೆಲೆಯಲ್ಲಿಯೇ ಎಡಕ್ಕೂ ಬಲಕ್ಕೂ ಹೊರಳುವುದು. ಇವುಗಳಲ್ಲಿ ಮೊದಲನೆಯದನ್ನು ನಾವು ಬೇಡವೆಂದರೂ ದಿನವಿಡೀ ಮಾಡುತ್ತಲೇ ಇರುತ್ತೇವೆ. ಮೇಜಿನ ಮೇಲೆ, ಮೊಬೈಲಿನ ಮೇಲೆ, ಸ್ಕೂಟರಿನ ಹ್ಯಾಂಡಲಿನ ಮೇಲೆ ಬಾಗಿದ ಬೆನ್ನು ರಾತ್ರಿ ಹಾಸಿಗೆ ಸೇರುವವರೆಗೂ ಹಾಗೆಯೇ ಉಳಿಯುವುದುಂಟು. ಕಡೆಯದಾದ ಹೊರಳುವಿಕೆಯು ಮಾತ್ರ, ಬಾವಿಯಿಂದ ನೀರು ಸೇದುತ್ತಿದ್ದ, ಬೀಸುವ ಕಲ್ಲಿನ ಗೂಟ ಹಿಡಿದು ರಾಗಿ ಬೀಸುತ್ತಿದ್ದ, ಕಣದಲ್ಲಿ ಮೊರವೆತ್ತಿ ರಾಶಿ ತೂರುತ್ತಿದ್ದ ಹಿಂದಿನ ತಲೆಮಾರಿನವರ ನಿತ್ಯಜೀವನದಲ್ಲಿ ಅಯಾಚಿತವಾಗಿಯೇ ಹಾಸುಹೊಕ್ಕಾಗಿದ್ದುದು, ನಮ್ಮ ಕಾಲಕ್ಕೆ ಬಹುಮಟ್ಟಿಗೆ ಲೋಪವಾಗಿ ಹೋಗಿದೆ. ಕಚೇರಿಯಲ್ಲಿ ಪಕ್ಕದ ಮೇಜಿನವರು ಕರೆದರೆ ಇಂದು ತಿರುಗುವುದು ಕುರ್ಚಿಯೇ ಹೊರತು ಬೆನ್ನಲ್ಲ. ವರ್ಷಗಟ್ಟಳೆ ಬಳಸದೆ ಬಿಟ್ಟ ಚಲನೆಯನ್ನು ದೇಹವು ಮರೆಯತೊಡಗುವುದೆಂಬುದನ್ನು, ನಡುವಯಸ್ಸು ದಾಟಿದವರು ವಾಹನವನ್ನು ಹಿಂದಕ್ಕೆ ತೆಗೆಯುವಾಗ ಹೆಗಲ ಮೇಲಿಂದ ಹಿಂತಿರುಗಿ ನೋಡಲು ಪಡುವ ಪಾಡಿನಿಂದಲೇ ಊಹಿಸಬಹುದು.

ಹೀಗೆ ಲೋಪವಾದುದನ್ನು ಮರಳಿ ರೂಢಿಸಿಕೊಳ್ಳಬೇಕೆನ್ನುವವರಿಗೆ ಯೋಗಾಭ್ಯಾಸದಲ್ಲಿ ದಾರಿಗಳು ಹಲವು. ಕುಳಿತು ಮಾಡುವ ಅರ್ಧಮತ್ಸ್ಯೇಂದ್ರಾಸನ, ಭರದ್ವಾಜಾಸನ, ಮರೀಚ್ಯಾಸನಗಳುಂಟು. ಮಲಗಿ ಮಾಡುವ ಜಠರ ಪರಿವರ್ತನಾಸನವುಂಟು. ನಿಂತು ಮಾಡುವ ಪರಿವೃತ್ತ ತ್ರಿಕೋನಾಸನವುಂಟು. ಇವೆಲ್ಲವೂ ಹಿತಕರವೇ. ಆದರೂ, ಒಂದು ಕಾಲನ್ನು ಮುಂದಿಟ್ಟು ಮೊಣಕಾಲನ್ನು ಬಾಗಿಸಿ, ಇನ್ನೊಂದು ಕಾಲನ್ನು ಹಿಂದಕ್ಕೆ ನೀಳವಾಗಿ ಚಾಚಿ, ಆ ನಿಲುವಿನ ಮೇಲೆ ಮುಂಡವನ್ನು ಸಂಪೂರ್ಣವಾಗಿ ಹೊರಳಿಸುವ ಪರಿವೃತ್ತ ಪಾರ್ಶ್ವಕೋನಾಸನದಲ್ಲಿ ಕಾಲುಗಳ ದಾರ್ಢ್ಯ, ಸೊಂಟದ ಸ್ಥಿರತೆ, ಎದೆಯ ವೈಶಾಲ್ಯ, ಉಸಿರಿನ ಸಂಯಮ ಈ ನಾಲ್ಕೂ ಏಕಕಾಲದಲ್ಲಿ ಪರೀಕ್ಷೆಗೊಳಗಾಗುವುದರಿಂದ, ನಿಂತು ಮಾಡುವ ಆಸನಗಳಲ್ಲಿ ಅಭ್ಯಾಸಿಗೆ ಇದರಷ್ಟು ಪಾಠ ಹೇಳುವಂಥವು ವಿರಳವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದರ ಪೂರ್ಣರೂಪವು ಹೀಗಿದೆ. ಕಾಲುಗಳನ್ನು ನಾಲ್ಕರಿಂದ ನಾಲ್ಕೂವರೆ ಅಡಿ ಅಗಲಿಸಿ ನಿಲ್ಲತಕ್ಕದ್ದು. ಬಲ ಪಾದವನ್ನು ಪೂರ್ತಿಯಾಗಿ ಬಲಕ್ಕೆ ತಿರುಗಿಸಿ, ಎಡ ಪಾದವನ್ನೂ ಅದೇ ದಿಕ್ಕಿಗೆ ಸುಮಾರು 60 ಡಿಗ್ರಿಯಷ್ಟು ಒಳಮುಖವಾಗಿ ಹೊರಳಿಸಬೇಕು. ಬಲ ಮೊಣಕಾಲನ್ನು, ತೊಡೆಯು ನೆಲಕ್ಕೆ ಸಮಾನಾಂತರವಾಗುವಂತೆಯೂ ಮೊಣಕಾಲಿನ ಚಿಪ್ಪು ಹಿಮ್ಮಡಿಯ ನೇರಕ್ಕೆ ನಿಲ್ಲುವಂತೆಯೂ ಬಾಗಿಸಿ, ಎಡಗಾಲನ್ನು ಮಾತ್ರ ಮೊಣಕಾಲು ಸಡಿಲದಂತೆ ಬಿಗಿಯಾಗಿ ಚಾಚಿಡಬೇಕು. ಬಳಿಕ ಉಸಿರನ್ನು ಹೊರಬಿಡುತ್ತ ಮುಂಡವನ್ನು ಬಲಕ್ಕೆ ತಿರುಗಿಸಿ, ಎಡಗೈಯನ್ನು ಬಲ ಮೊಣಕಾಲಿನ ಆಚೆಗೆ ದಾಟಿಸಿ, ಎಡ ಕಂಕುಳು ಮೊಣಕಾಲಿನ ಹೊರಮಗ್ಗುಲನ್ನು ಒತ್ತಿಕೊಂಡಿರುವಂತೆ ಅಂಗೈಯನ್ನು ಬಲ ಪಾದದ ಹೊರಪಕ್ಕದ ನೆಲಕ್ಕೆ ಊರಬೇಕು. ಬಲಗೈಯು ಕಿವಿಯ ಮೇಲಿಂದ ಹಾಯ್ದು ಮುಂದಕ್ಕೆ ಚಾಚಿರಲಿ; ದೃಷ್ಟಿಯು ಆ ತೋಳಿನ ಕಡೆಗೆ ಮೇಲಕ್ಕೆ ಹೊರಳಿರಲಿ. ಹಾಗೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ನಿಂತು, ಅನಂತರ ಎಡಪಕ್ಕಕ್ಕೂ ಅಷ್ಟೇ ಕಾಲ ಮಾಡತಕ್ಕದ್ದು.

ಮುಂಗಾಲು ಬಾಗಿ ಹಿಂಗಾಲು ಚಾಚಿದ ಈ ನಿಲುವು ನಮ್ಮ ನಾಡಿನ ಕಣ್ಣಿಗೆ ಹೊಸದೇನಲ್ಲ. ಬಿಲ್ಲುಗಾರನು ಹೆದೆಯನ್ನು ಸೆಳೆಯುವಾಗ ನಿಲ್ಲುವ ಆಲೀಢವೆಂಬ ನಿಲುವನ್ನು ನಾಟ್ಯಶಾಸ್ತ್ರಜ್ಞರೂ ಶಿಲ್ಪಿಗಳೂ ಬಹು ಹಿಂದಿನಿಂದ ಬಲ್ಲರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ ಮಹಾಭಾರತಗಳ ಯುದ್ಧಪ್ರಸಂಗಗಳನ್ನು ಸಾವಧಾನವಾಗಿ ನೋಡುತ್ತ ಸಾಗುವವನಿಗೆ, ಕಾಲುಗಳು ಒಂದು ದಿಕ್ಕಿನಲ್ಲಿ ನಾಟಿಕೊಂಡಿದ್ದು ಎದೆ ಮತ್ತೊಂದು ದಿಕ್ಕಿಗೆ ಹೊರಳಿರುವ ಧನುರ್ಧರರು ಮತ್ತೆ ಮತ್ತೆ ಎದುರಾಗುವರು. ಯೋಗಾಸನವು ಆ ಶಿಲ್ಪದಿಂದಲೇ ಬಂದಿತೆಂದು ನಾನು ಹೇಳುತ್ತಿಲ್ಲ. ಬಲಪ್ರಯೋಗವು ಬೇಕಾದಾಗ ಮನುಷ್ಯದೇಹವು ಸಹಜವಾಗಿ ಆಶ್ರಯಿಸುವ ನಿಲುವು ಇದೆಂಬುದಕ್ಕೆ ಆ ಕಲ್ಲಿನ ವೀರರು ಸಾಕ್ಷಿಯಾಗಿರುವರೆಂಬುದಷ್ಟೇ ನನ್ನ ಮಾತು.

ಹಠಯೋಗದ ಪ್ರಾಚೀನ ಗ್ರಂಥಗಳಲ್ಲಿ ಈ ಆಸನವನ್ನು ಹುಡುಕಿದರೆ ನಿರಾಶೆಯಾದೀತು. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ವರ್ಣಿಸುವ 15 ಆಸನಗಳಲ್ಲಿ ನಿಂತು ಮಾಡುವುದು ಒಂದೂ ಇಲ್ಲ. ಆದರೆ ಮುಂಡವನ್ನು ಹೊರಳಿಸುವುದರ ಮಹತ್ವವನ್ನು ಆ ಗ್ರಂಥಕಾರನು ಬಲ್ಲನು. ಮತ್ಸ್ಯೇಂದ್ರಾಸನವನ್ನು ವಿವರಿಸುತ್ತ ಅದು ಜಠರಾಗ್ನಿಯನ್ನು ಉದ್ದೀಪಿಸುವುದೆಂದೂ ವ್ಯಾಧಿಗಳನ್ನು ಪರಿಹರಿಸುವುದೆಂದೂ ಆತನು ಶ್ಲಾಘಿಸುವನು. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ವರ್ಣಚಿತ್ರಗಳು ದೊರೆಯುವುವು. ಇಂದು ಲೋಕದಲ್ಲೆಲ್ಲ ಪ್ರಚಾರದಲ್ಲಿರುವ ನಿಂತು ಮಾಡುವ ಆಸನಗಳ ಕ್ರಮವು ವ್ಯವಸ್ಥಿತ ಶಿಕ್ಷಣದ ರೂಪವನ್ನು ತಾಳಿದುದರಲ್ಲಿ ಅದೇ ಮೈಸೂರಿನ ಪಾಲು ಹಿರಿದು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅವರ ಯೋಗಮಕರಂದವು 1934ರಲ್ಲಿ ಮೊದಲು ಪ್ರಕಟವಾದುದು ಕನ್ನಡದಲ್ಲಿಯೇ.

ಆ ಗುರುವಿನ ಶಿಷ್ಯರಲ್ಲಿ ಇಬ್ಬರು ಕನ್ನಡ ನಾಡಿನ ಹಳ್ಳಿಗಳಿಂದ ಬಂದವರು: ಹಾಸನದ ಸಮೀಪದ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು. ಒಂದೇ ಮೂಲದಿಂದ ಹೊರಟ ಇವರು ಈ ಒಂದೇ ಆಸನವನ್ನು ಎಷ್ಟು ಭಿನ್ನವಾಗಿ ಕಲಿಸಿದರೆಂಬುದು ವಿಚಾರಾರ್ಹವಾದುದು. ಯೋಗಮಾಲಾ ಎಂಬ ತಮ್ಮ ಗ್ರಂಥವನ್ನು 1962ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ಜೋಯಿಸರ ಪದ್ಧತಿಯಲ್ಲಿ ಇದು ಉಸಿರಿನ ಎಣಿಕೆಯೊಡನೆ ಒಂದರ ಹಿಂದೊಂದು ಹರಿದುಬರುವ ಆಸನಸರಣಿಯ ಒಂದು ಘಟ್ಟ. ಅಭ್ಯಾಸಿಯು ಪಕ್ಕವೊಂದಕ್ಕೆ ಐದು ದೀರ್ಘ ಶ್ವಾಸಗಳ ಕಾಲ ನಿಂತು ಮುಂದುವರಿಯುವನು. ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್‌ಗಳಿಂದ ಜರ್ಜರಿತರಾಗಿ, 1934ರಲ್ಲಿ ಭಾವನವರಾದ ಕೃಷ್ಣಮಾಚಾರ್ಯರ ಬಳಿಗೆ ಬಂದು, 1937ರಲ್ಲಿ ಪುಣೆಗೆ ಹೋಗಿ ನೆಲಸಿದ ಅಯ್ಯಂಗಾರ್ಯರಾದರೋ, ತಮ್ಮ ದೇಹದ ಅಸಾಮರ್ಥ್ಯವನ್ನೇ ಗುರುವಾಗಿ ಸ್ವೀಕರಿಸಿದವರು; ಗೋಡೆ, ಮರದ ಬ್ರಿಕ್, ಹಗ್ಗ, ಕುರ್ಚಿಗಳ ನೆರವಿನಿಂದ ಅಶಕ್ತರೂ ವೃದ್ಧರೂ ಆಸನದ ಫಲವನ್ನು ಪಡೆಯುವಂತೆ ಮಾಡಿ, ಹಿಮ್ಮಡಿಯ ಅಂಚಿನಿಂದ ಬೆರಳಿನ ತುದಿಯವರೆಗೆ ಪ್ರತಿ ಅಂಗದ ಕರ್ತವ್ಯವನ್ನೂ ನಿಷ್ಕರ್ಷಿಸಿದರು. ನನಗೆ ಇಬ್ಬರಲ್ಲಿಯೂ ಸಮಾನವಾದ ಗೌರವವುಂಟು. ಆದರೆ ನಲವತ್ತು ದಾಟಿದ ಮೇಲೆ ಹೊಸದಾಗಿ ಅಭ್ಯಾಸಕ್ಕೆ ಇಳಿಯುವವರಿಗೆ, ಈ ಆಸನದ ಮಟ್ಟಿಗಾದರೂ, ಎರಡನೆಯ ದಾರಿಯೇ ಶ್ರೇಯಸ್ಕರವೆಂದು ಹೇಳದೆ ವಿಧಿಯಿಲ್ಲ.

ಕಾರಣವನ್ನು ಅರಿಯಲು ಬೆನ್ನೆಲುಬಿನ ರಚನೆಯನ್ನು ಸ್ವಲ್ಪ ನೋಡಬೇಕು. ಕತ್ತಿನ ಕೆಳಗೆ, ಪಕ್ಕೆಲುಬುಗಳು ಅಂಟಿಕೊಂಡಿರುವ ಎದೆಯ ಭಾಗದಲ್ಲಿ 12 ಕಶೇರುಕಗಳೂ, ಅದಕ್ಕೂ ಕೆಳಗೆ ಸೊಂಟದಲ್ಲಿ 5 ಕಶೇರುಕಗಳೂ ಇವೆ. ಎದೆಯ ಭಾಗದ ಕೀಲುಗಳು ಹೊರಳುವುದಕ್ಕೆ ಅನುಕೂಲವಾದ ಓರೆಯಲ್ಲಿದ್ದು, ಅವೆಲ್ಲವೂ ಸೇರಿ ಒಂದು ಪಕ್ಕಕ್ಕೆ ಸುಮಾರು 30ರಿಂದ 35 ಡಿಗ್ರಿಯವರೆಗೆ ತಿರುಗಬಲ್ಲುವು. ಸೊಂಟದ ಕೀಲುಗಳು ಹಾಗಲ್ಲ. ಅವು ಬಾಗುವುದಕ್ಕೂ ನಿಮಿರುವುದಕ್ಕೂ ಹೇಳಿಮಾಡಿಸಿದಂತಿದ್ದು ಹೊರಳುವಿಕೆಯನ್ನು ತಡೆಯುವುದರಿಂದ, ಐದೂ ಸೇರಿದರೂ ದೊರೆಯುವ ತಿರುವು ಹತ್ತು ಡಿಗ್ರಿಯ ಆಸುಪಾಸಿನದು. ಅಲ್ಲದೆ ಎರಡೆರಡು ಕಶೇರುಕಗಳ ನಡುವಣ ಡಿಸ್ಕಿನ ಹೊರಪದರಗಳಲ್ಲಿ ನಾರುಗಳು ಒಂದು ಪದರದಲ್ಲಿ ಒಂದು ಓರೆಗೆ, ಮುಂದಿನ ಪದರದಲ್ಲಿ ಅದಕ್ಕೆ ವಿರುದ್ಧವಾದ ಓರೆಗೆ ಹೆಣೆದುಕೊಂಡಿರುವುದರಿಂದ, ಯಾವುದೇ ಒಂದು ದಿಕ್ಕಿಗೆ ಹೊರಳಿದಾಗ ಸುಮಾರು ಅರ್ಧದಷ್ಟು ನಾರುಗಳು ಮಾತ್ರ ಭಾರವನ್ನು ತಾಳಬೇಕಾಗುವುದು. ಸೊಂಟವನ್ನು ಬಗ್ಗಿಸಿ, ಗೂನು ಮಾಡಿ, ಅದೇ ಸ್ಥಿತಿಯಲ್ಲಿ ಬಲವಂತವಾಗಿ ಹೊರಳಿಸಿದರೆ ಅಪಾಯವೇಕೆಂಬುದು ಇಷ್ಟರಿಂದಲೇ ಸ್ಪಷ್ಟವಾಗುವುದು.

ಆದುದರಿಂದ ಈ ಆಸನದಲ್ಲಿ ತಿರುಗುವ ಭಾಗದಷ್ಟೇ, ಅಥವಾ ಅದಕ್ಕಿಂತಲೂ ಹೆಚ್ಚಾಗಿ, ತಿರುಗದಿರುವ ಭಾಗವು ಪ್ರಧಾನವಾದುದು. ಹಿಂಗಾಲು ನೆಲವನ್ನು ಭದ್ರವಾಗಿ ಒತ್ತಿ ಕಿಬ್ಬೊಟ್ಟೆಯ ಮೂಳೆಗಳನ್ನು ಅಲುಗದಂತೆ ಹಿಡಿದುಕೊಂಡಾಗ ತಿರುವು ತಾನಾಗಿಯೇ ಮೇಲಕ್ಕೆ, ಪ್ರಕೃತಿಯು ಅದಕ್ಕಾಗಿಯೇ ನಿರ್ಮಿಸಿರುವ ಎದೆಯ ಭಾಗಕ್ಕೆ, ಏರಿ ಹೋಗುವುದು. ಹಿಂಗಾಲು ಸಡಿಲಿದೊಡನೆ ಸೊಂಟವು ಜಾರುವುದು, ಎದೆ ಕುಸಿಯುವುದು, ಕೈ ಮಾತ್ರ ಹೇಗೋ ನೆಲವನ್ನು ಮುಟ್ಟುವುದು. ನೋಡುವವರ ಕಣ್ಣಿಗೆ ಎರಡೂ ಒಂದೇ ಆಸನ. ಮಾಡುವವನ ದೇಹಕ್ಕೆ ಒಂದು ಉಪಕಾರ, ಇನ್ನೊಂದು ಅಪಕಾರ.

ಇದನ್ನು ನಾನು ಪ್ರತ್ಯಕ್ಷವಾಗಿ ಕಂಡದ್ದು ನಮ್ಮ ಬಡಾವಣೆಯ ಒಂದು ಯೋಗಶಾಲೆಯಲ್ಲಿ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಬಹಳ ಉತ್ಸಾಹದಿಂದ ಎಡಗೈಯನ್ನು ನೆಲಕ್ಕೆ ಊರಿ ನಿಂತಿದ್ದರು. ಮುಖ ಕೆಂಪೇರಿತ್ತು, ಹಿಂಗಾಲಿನ ಮೊಣಕಾಲು ಅರೆಮಡಿಚಿ, ಪಾದದ ಹೊರಅಂಚು ನೆಲವನ್ನು ಬಿಟ್ಟು, ಭಾರವೆಲ್ಲ ಹೆಬ್ಬೆರಳಿನ ಬುಡಕ್ಕೆ ಬಿದ್ದಿತ್ತು. ಶಿಕ್ಷಕಿಯು ಬಳಿಗೆ ಬಂದು, “ಕೈ ನೆಲ ಮುಟ್ತು ಅಂತ ಅವಸರ ಮಾಡ್ಬೇಡಿ ಸಾರ್, ಹಿಂದಿನ ಹಿಮ್ಮಡಿ ಎಲ್ಲಿಗೆ ಹೋಯ್ತು ನೋಡಿ” ಎಂದರು. ಬಳಿಕ ಅವರನ್ನು ಮೇಲಕ್ಕೆಬ್ಬಿಸಿ, ಗೋಡೆಯ ಬಳಿಗೆ ಕರೆದೊಯ್ದು, ಹಿಮ್ಮಡಿಯು ಗೋಡೆಯ ಬುಡವನ್ನು ಒತ್ತಿ ನಿಲ್ಲುವಂತೆ ಮಾಡಿ, ಮುಂಗಾಲಿನ ಹೊರಪಕ್ಕದಲ್ಲಿ ಮರದ ಬ್ರಿಕ್ಕನ್ನು ನಿಲ್ಲಿಸಿ, ಕೈಯನ್ನು ಅದರ ಮೇಲಿಡಿಸಿದರು. “ಈಗ ಗೋಡೇನ ಹಿಮ್ಮಡಿಯಿಂದ ತಳ್ಳಿ. ಹಾಗೇ ತಳ್ತಾ ಇರಿ. ಉಸಿರು ಬಿಟ್ಟು, ಎದೆ ಮಾತ್ರ ತಿರುಗಿಸಿ.” ನೆಲದಿಂದ ಕೈ ಮುಕ್ಕಾಲು ಅಡಿ ಮೇಲಕ್ಕೆ ಬಂದಿದ್ದರೂ, ಮೊದಲು ಸೊಂಟದ ಬಳಿ ಗುಪ್ಪೆಯಾಗಿದ್ದ ಅವರ ಅಂಗಿಯ ನಿರಿಗೆಗಳು ಈಗ ಪಕ್ಕೆಯಿಂದ ಹೆಗಲಿನ ಕಡೆಗೆ ಓರೆಯಾಗಿ ಏರಿ, ತಿರುವು ಎಲ್ಲಿಂದ ಎಲ್ಲಿಗೆ ಸ್ಥಳಾಂತರಗೊಂಡಿತೆಂಬುದನ್ನು ಬರೆದು ತೋರಿಸುವಂತಿದ್ದುವು. ಮುಖದ ಕೆಂಪು ಇಳಿಯಿತು. ಹಿರಿಯರು ಅಚ್ಚರಿಯಿಂದ, “ಇಲ್ಲಿ, ಭುಜದ ಹಿಂದೆ, ಏನೋ ತೆಗೆದುಕೊಂಡ ಹಾಗಾಯ್ತಮ್ಮಾ” ಎಂದರು. ಯಾವ ಶರೀರಶಾಸ್ತ್ರದ ಪಾಠಕ್ಕಿಂತಲೂ ಹೆಚ್ಚಾಗಿ ಆ ಒಂದು ನೋಟವು ನನಗೆ ಈ ಆಸನದ ಮರ್ಮವನ್ನು ಮನಗಾಣಿಸಿತು.

ಉಸಿರಿನ ವಿಷಯವೂ ಇಲ್ಲಿ ಅಲಕ್ಷ್ಯ ಮಾಡತಕ್ಕದ್ದಲ್ಲ. ಮುಂಡವು ಹೊರಳಿ ಹೊಟ್ಟೆಯು ತೊಡೆಗೆ ಒತ್ತಿಕೊಂಡಾಗ ವಪೆಯು ಕೆಳಗಿಳಿಯಲು ಅವಕಾಶವು ಕುಗ್ಗುವುದು. ಪಕ್ಕೆಲುಬುಗಳೂ ಎಂದಿನಂತೆ ಹಿಗ್ಗಲಾರವು. ಹೊಸಬರು ಗಾಬರಿಗೊಂಡು ಉಸಿರನ್ನು ಹಿಡಿದುಬಿಡುವುದು ಇದರಿಂದಲೇ. ಒಳಗೆಳೆಯುವಾಗ ಬೆನ್ನನ್ನು ಉದ್ದವಾಗಿಸುವುದು, ಹೊರಬಿಡುವಾಗ ತಿರುವನ್ನು ಒಂದಿಷ್ಟು ಮುಂದುವರಿಸುವುದು, ಹೀಗೆ ಎರಡನ್ನೂ ಪರ್ಯಾಯವಾಗಿ ಮಾಡುತ್ತ ಬಂದರೆ, ಉಸಿರು ಕ್ರಮೇಣ ಬೆನ್ನಿನ ಕಡೆಯ ಪಕ್ಕೆಗಳಿಗೆ ದಾರಿ ಮಾಡಿಕೊಳ್ಳುವುದು ಅನುಭವಕ್ಕೆ ಬರುವುದು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬ ಪತಂಜಲಿಯ ಲಕ್ಷಣವನ್ನು ಇಲ್ಲಿ ಅಳೆಯಲು ಉಸಿರೇ ಮಾನದಂಡ. ಅದು ಬಿಗಿಯಿತೆಂದರೆ ಮಿತಿಯನ್ನು ಮೀರಿದ್ದೇವೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಇನ್ನು ಪ್ರಯೋಜನಗಳು. ಮೊದಲನೆಯದು ಹಿಂಗಾಲಿನದು, ಎಂದರೆ ಬಹುಮಂದಿ ಗಮನಿಸದೆ ಬಿಡುವಂಥದು. ಸೊಂಟದ ಕಶೇರುಕಗಳಿಂದ ಹೊರಟು ಕಿಬ್ಬೊಟ್ಟೆಯ ಒಳಗಿನಿಂದ ಇಳಿದು ತೊಡೆಯ ಮೂಳೆಗೆ ಹತ್ತಿಕೊಳ್ಳುವ ಸೋಯಾಸ್ ಎಂಬ ಸ್ನಾಯುವು, ಗಂಟೆಗಟ್ಟಳೆ ಕುಳಿತುಕೊಳ್ಳುವವರಲ್ಲಿ ಸಂಕುಚಿತವಾಗಿಯೇ ಇದ್ದು, ನಿಂತಾಗ ಸೊಂಟವನ್ನು ಮುಂದಕ್ಕೆ ಜಗ್ಗುವುದುಂಟು. ಹಿಂಗಾಲನ್ನು ನೀಳವಾಗಿ ಚಾಚಿ ನಿಲ್ಲುವ ಈ ಭಂಗಿಯಲ್ಲಿ ಅದು ಚೆನ್ನಾಗಿ ಎಳೆಯಲ್ಪಡುವುದು. ಮುಂಗಾಲಿನ ತೊಡೆಯೂ ಪೃಷ್ಠವೂ ಶರೀರದ ಭಾರವನ್ನು ಹೊತ್ತು ಬಲಿಯುವುವು. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ಬೇಕಾಗುವುದು ಇದೇ ಬಲ. ಹೊಟ್ಟೆಯ ಓರೆಸ್ನಾಯುಗಳು ಎಡ ಬಲಗಳು ಕೂಡಿ ದುಡಿಯುವ ಸೊಬಗೂ ಇಲ್ಲಿ ಉಂಟು: ಬಲಕ್ಕೆ ಹೊರಳುವಾಗ ಬಲಪಕ್ಕದ ಒಳಪದರವೂ ಎಡಪಕ್ಕದ ಹೊರಪದರವೂ ಏಕಕಾಲಕ್ಕೆ ಸಂಕೋಚಗೊಳ್ಳುವುವು. ಎದೆಯ ಬೆನ್ನೆಲುಬು ಸಡಿಲಗೊಂಡಂತೆಲ್ಲ, ಅದು ಮಾಡಬೇಕಾದ ಕೆಲಸವನ್ನು ತಾವು ಮಾಡಿ ಬಳಲುತ್ತಿದ್ದ ಕತ್ತಿಗೂ ಸೊಂಟಕ್ಕೂ ವಿಶ್ರಾಂತಿ ದೊರೆಯುವುದು. ಇಕ್ಕಟ್ಟಾದ ಆಧಾರದ ಮೇಲೆ ತಿರುಗಿ ನಿಲ್ಲಬೇಕಾಗುವುದರಿಂದ ಸಮತೋಲನವೂ ಪಳಗುವುದು. ಮುಪ್ಪಿನಲ್ಲಿ ಬೀಳುವ ಭಯವುಳ್ಳವರಿಗೆ ಇದು ಸಾಮಾನ್ಯ ಲಾಭವಲ್ಲ.

ಜೀರ್ಣಾಂಗಗಳ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಬಲಪಕ್ಕವನ್ನೇ ಮೊದಲು ಮಾಡಬೇಕೆಂಬ ರೂಢಿಗೆ, ದೊಡ್ಡ ಕರುಳು ಬಲದಲ್ಲಿ ಏರಿ, ಅಡ್ಡಲಾಗಿ ಹಾಯ್ದು, ಎಡದಲ್ಲಿ ಇಳಿಯುವುದೆಂಬ ಕಾರಣವನ್ನು ಶಿಕ್ಷಕರು ಹೇಳುವುದುಂಟು. ಹೊಟ್ಟೆಯ ಮೇಲೆ ಹಿತವಾದ ಒತ್ತಡವು ಬಿದ್ದು ಬಿಡುವುದರಿಂದ ಮಲಬದ್ಧತೆಯು ತಗ್ಗಿತೆಂದು ಅಭ್ಯಾಸಿಗಳು ಹೇಳುವ ಮಾತನ್ನೂ ನಾನು ತಳ್ಳಿಹಾಕಲಾರೆ. ಆದರೆ ಒದ್ದೆ ಬಟ್ಟೆಯನ್ನು ಹಿಂಡಿದಂತೆ ಈ ಆಸನವು ಅಂಗಾಂಗಗಳಿಂದ ವಿಷವನ್ನು ಹಿಂಡಿ ಹೊರಹಾಕುವುದೆಂದು ಇತ್ತೀಚೆಗೆ ಎಲ್ಲೆಡೆಯೂ ಕೇಳಿಬರುತ್ತಿರುವ ಮಾತಿಗೆ ಆಧಾರವಿಲ್ಲ. ರಕ್ತವನ್ನು ಶುದ್ಧಿಗೊಳಿಸುವ ಕಾರ್ಯವನ್ನು ಯಕೃತ್ತೂ ಮೂತ್ರಪಿಂಡಗಳೂ ನಾವು ಹೊರಳಿದರೂ ಹೊರಳದಿದ್ದರೂ ಅಹರ್ನಿಶಿ ನಡೆಸುತ್ತಿರುವುವು. ಹೊಟ್ಟೆಯನ್ನು ಹೊರಳಿಸಿದರೆ ಹೊಟ್ಟೆಯ ಬೊಜ್ಜೇ ಕರಗುವುದೆಂಬ ಆಶ್ವಾಸನೆಯೂ ಹಾಗೆಯೇ. ದೇಹವು ಕೊಬ್ಬನ್ನು ಖರ್ಚುಮಾಡುವುದು ಸಮಗ್ರವಾಗಿಯೇ ಹೊರತು ದುಡಿದ ಜಾಗದಿಂದಲ್ಲ. ಇಷ್ಟು ನಿಜವಾದ ಗುಣಗಳಿರುವ ಆಸನಕ್ಕೆ ಇಲ್ಲದ ಗುಣಗಳನ್ನು ಆರೋಪಿಸುವುದು ಆ ವಿದ್ಯೆಗೆ ನಾವು ಮಾಡುವ ಅಗೌರವವೇ ಸರಿ. ಅದನ್ನು ನಂಬಿ ಬಂದವನು ಫಲ ಕಾಣದೆ ಅಭ್ಯಾಸವನ್ನೇ ತೊರೆದು ಹೋಗುವನೆಂಬುದು ಇನ್ನೂ ದೊಡ್ಡ ನಷ್ಟ.

ಯಾರು ಇದನ್ನು ಮಾಡಬಾರದೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸೊಂಟದ ಡಿಸ್ಕ್ ಜಾರಿ ಕಾಲಿಗೆ ಸೆಳೆತವಿರುವವರು, ಮೂಳೆಗಳು ಟೊಳ್ಳಾಗುವ ವ್ಯಾಧಿಯುಳ್ಳವರು, ಗರ್ಭಿಣಿಯರು, ಹರ್ನಿಯಾ ಇರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ಕಾಲ ಕಳೆಯದವರು ಇದನ್ನು ವರ್ಜಿಸತಕ್ಕದ್ದು. ವೈದ್ಯರ ಅನುಮತಿಯಿಲ್ಲದೆ ಸೌಮ್ಯರೂಪದಲ್ಲಿಯೂ ಕೂಡದು. ಋತುಸ್ರಾವವು ನಿಂತ ವಯಸ್ಸಿನ ಸ್ತ್ರೀಯರು, ನೋವಿಲ್ಲವೆಂಬ ಮಾತ್ರಕ್ಕೆ ತಮ್ಮ ಮೂಳೆಗಳು ಗಟ್ಟಿಯಾಗಿವೆಯೆಂದು ಭಾವಿಸದೆ, ಒಮ್ಮೆ ಪರೀಕ್ಷಿಸಿಕೊಂಡು ಬರುವುದು ವಿವೇಕ. ರಕ್ತದ ಒತ್ತಡವೋ ತಲೆಸುತ್ತೋ ಕತ್ತಿನ ತೊಂದರೆಯೋ ಇರುವವರು ಮೇಲಕ್ಕೆ ನೋಡದೆ ದೃಷ್ಟಿಯನ್ನು ಕೆಳಗಿನ ನೆಲದ ಮೇಲಿರಿಸಿದರೆ ಸಾಕು. ಬಾಗಿದ ಮೊಣಕಾಲು ಒಳಕ್ಕೆ ವಾಲದಂತೆ ಎಲ್ಲರೂ ನೋಡಿಕೊಳ್ಳಬೇಕು. ಊಟವಾದ ಮೇಲೆ ಮೂರು ನಾಲ್ಕು ಗಂಟೆಗಳ ಅಂತರವಿರಲಿ.

ಹೊಸದಾಗಿ ತೊಡಗುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪೂರ್ಣಭಂಗಿಯ ಚಿತ್ರವನ್ನು ನೋಡಿ ಮನೆಯ ಕೋಣೆಯಲ್ಲಿ ಒಬ್ಬರೇ ಪ್ರಯತ್ನಿಸಬೇಡಿ. ಬಲ್ಲ ಶಿಕ್ಷಕರ ಕಣ್ಣೆದುರಿಗೆ, ಮೊದಲು ಹಿಂಗಾಲಿನ ಮೊಣಕಾಲನ್ನು ಮಡಿಸಿದ ಕಂಬಳಿಯ ಮೇಲೆ ಊರಿ, ಕೈಗಳನ್ನು ಎದೆಯ ಮುಂದೆ ಜೋಡಿಸಿ, ಎಡ ಮೊಣಕೈಯನ್ನು ಬಲ ಮೊಣಕಾಲಿನ ಹೊರಗೆ ತಾಗಿಸಿ, ಉಸಿರು ಸರಾಗವಾಗಿ ಆಡುವಷ್ಟೇ ತಿರುಗಿ. ಎರಡೂ ಪಕ್ಕಕ್ಕೆ ಸಮನಾಗಿ. ಕೆಲವು ವಾರಗಳಲ್ಲಿ ಅದು ಸಲೀಸಾದ ಮೇಲೆ ಮೊಣಕಾಲನ್ನು ನೆಲದಿಂದ ಎತ್ತಿ, ಹಿಮ್ಮಡಿಗೆ ಗೋಡೆಯನ್ನೂ ಕೈಗೆ ಬ್ರಿಕ್ಕನ್ನೂ ಕೊಟ್ಟು ನಿಲ್ಲಿ. ಕೈ ನೆಲವನ್ನು ಮುಟ್ಟಲು ತಿಂಗಳುಗಳೇ ಹಿಡಿದರೂ ಚಿಂತಿಸಬೇಡಿ. ಎಂದಿಗೂ ಮುಟ್ಟದಿದ್ದರೂ ಆಸನದ ಫಲಕ್ಕೆ ಅದರಿಂದ ಕೊರತೆಯಿಲ್ಲ.